ಹತ್ತಿರದ ಬೆಂಚಿಗೆ ಎಷ್ಟು ಹೆಜ್ಜೆ?



ಈ ವಾರದ ಲೆಕ್ಕಕ್ಕೆ ಒಂದು ಗ್ರಾಫ್ ಹಾಳೆ, ಒಂದು ಪೆನ್ಸಿಲ್, ಒಂದು ರಬ್ಬರ್ ಹತ್ತಿರ ಇಟ್ಟುಕೊಳ್ಳಿ. ರಬ್ಬರ್ ಮಾತ್ರ ಮರೆಯಬೇಡಿ. ಬ್ಯಾಂಕಿನ ಅಭ್ಯಾಸದಂತೆ ಪೆನ್ನಿನಲ್ಲಿ ಬರೆಯಲು ಹೋಗಿ ನಾನು ಪಟ್ಟ ಪಾಡನ್ನು ಮುಂದೆ ಹೇಳುತ್ತೇನೆ.

ನಮ್ಮ ಬಡಾವಣೆಯಲ್ಲಿ ಒಂದು ಪಾರ್ಕ್ ಇದೆ. ದೊಡ್ಡದೇನಲ್ಲ. ನಾಲ್ಕಾರು ಹೊಂಗೆ ಮರ, ಸುತ್ತಲೂ ನಡೆಯುವ ದಾರಿ, ಒಂದು ಬದಿಯಲ್ಲಿ ಮಕ್ಕಳ ಉಯ್ಯಾಲೆ, ಜಾರುಬಂಡೆ. ಒಟ್ಟು ಐದು ಬೆಂಚು. ನಮ್ಮಾಕೆಗೆ ಎರಡು ವರ್ಷದಿಂದ ಮಂಡಿನೋವು. ಡಾಕ್ಟರು, ‘ನಡೆಯುವುದನ್ನು ಬಿಡಬೇಡಿ, ಆದರೆ ನೋವು ಬಂದ ಕೂಡಲೇ ಕುಳಿತುಕೊಳ್ಳಿ’ ಎಂದಿದ್ದರು. ಹಾಗೇ ಮಾಡುತ್ತಿದ್ದಳು. ಐವತ್ತು ಹೆಜ್ಜೆ ನಡೆದು ಕೂರುವುದು, ಮತ್ತೆ ಐವತ್ತು ಹೆಜ್ಜೆ. ಈ ಬೇಸಿಗೆ ಮುಗಿಯುವ ಹೊತ್ತಿಗೆ ಪಾರ್ಕಿಗೆ ಬರುವುದನ್ನೇ ಬಿಟ್ಟುಬಿಟ್ಟಳು. ಕೇಳಿದರೆ ಒಂದು ದಿನ ‘ಹಪ್ಪಳ ಒಣಗಿಸಿದ್ದೀನಿ’, ಇನ್ನೊಂದು ದಿನ ‘ಸೀರಿಯಲ್ ಇದೆ’. ನಾನೂ ನಂಬಿದೆ. ಒಬ್ಬನೇ ನಡೆದು ಬರುತ್ತಿದ್ದೆ.

ದಸರಾ ರಜೆಗೆ ಮೊಮ್ಮಗಳು ಬಂದಳು. ಎಂಟನೇ ಕ್ಲಾಸು. ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತಲೇ ಕರೆಯುತ್ತೇವೆ. ಬಂದ ಎರಡನೇ ದಿನವೇ ಕೇಳಿದಳು: “ಅಜ್ಜಿ ಯಾಕೆ ಪಾರ್ಕಿಗೆ ಬರಲ್ಲ ತಾತ?”

“ಕೂರೋಕೆ ಜಾಗ ದೂರ ಆದ್ರೆ ಅನ್ನೋ ಹೆದರಿಕೆ ಇರಬೇಕು.”

“ಎಲ್ಲಿಂದ ಎಷ್ಟು ದೂರ ಅಂತ ಲೆಕ್ಕ ಹಾಕಿ ತೋರಿಸಿಬಿಡೋಣ. ನೀನು ಬ್ಯಾಂಕಲ್ಲಿ ಇದ್ದವನಲ್ವಾ?”

ಇಂಥ ಮಾತು ಕೇಳಿದ ಮೇಲೆ ಸುಮ್ಮನಿರಲಾದೀತೇ? ಇಬ್ಬರೂ ಪಾರ್ಕನ್ನು ಅಳೆದು ಗ್ರಾಫ್ ಹಾಳೆಗೆ ಇಳಿಸಿದೆವು. ಅಜ್ಜಿಯ ನಾಲ್ಕು ಹೆಜ್ಜೆಗೆ ಒಂದು ಮನೆ. ಉದ್ದಕ್ಕೆ 24 ಮನೆ, ಅಗಲಕ್ಕೆ 16. ಚೌಕಾಬಾರದ ಮನೆಗಳಂತೆಯೇ, ಆದರೆ ಒಟ್ಟು 384. ಬೆಂಚಿರುವ ಐದು ಮನೆಗೆ ಸೊನ್ನೆ ಬರೆದೆವು. ಉಳಿದ ಪ್ರತಿ ಮನೆಯಲ್ಲೂ, ಅಲ್ಲಿಂದ ಅತಿ ಹತ್ತಿರದ ಬೆಂಚಿಗೆ ಎಷ್ಟು ಮನೆ ದಾಟಬೇಕು ಎಂಬ ಸಂಖ್ಯೆ ಬರೆಯಬೇಕು.

ನಾನು ಹಿಡಿದದ್ದು ನೇರ ದಾರಿ. ಒಂದು ಮನೆ ತೆಗೆದುಕೊಳ್ಳುವುದು, ಐದು ಬೆಂಚಿಗೂ ದೂರ ಎಣಿಸುವುದು, ಅದರಲ್ಲಿ ಚಿಕ್ಕದನ್ನು ಬರೆಯುವುದು. 384 ಮನೆಗೆ ಐದೈದು ಅಳತೆ ಎಂದರೆ 1,920 ಅಳತೆ. ಒಂದು ಸಂಜೆಯಲ್ಲಿ 40 ಮನೆ ಮುಗಿಯುವಷ್ಟರಲ್ಲಿ ಕಣ್ಣು ಮಂಜಾಯಿತು. ಪುಟ್ಟಿ ಆಕಳಿಸತೊಡಗಿದಳು.

ರಾತ್ರಿ ಮಗಳ ಫೋನು ಬಂತು. ಅವಳು ಬೆಂಗಳೂರಿನಲ್ಲಿ, ಆಸ್ಪತ್ರೆಗಳ ಸ್ಕ್ಯಾನ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸುವ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ನಮ್ಮ ಪ್ರತಾಪ ಕೇಳಿ ನಕ್ಕಳು. “ಅಪ್ಪಾ, ನೀವು ಮಾಡ್ತಿರೋದು ನಮ್ಮ ದಿನನಿತ್ಯದ ಕೆಲಸ. ಇದಕ್ಕೆ ಡಿಸ್ಟೆನ್ಸ್ ಮ್ಯಾಪ್ ಅಂತಾರೆ. ದೂರದ ನಕ್ಷೆ. ಅದಿರಲಿ, ಲೆಡ್ಜರಿನಲ್ಲಿ ಬ್ಯಾಲೆನ್ಸ್ ಹೇಗೆ ಬರೀತಿದ್ರಿ? ದಿನಾ ಖಾತೆ ತೆರೆದ ದಿನದಿಂದ ಕೂಡಿಕೊಂಡು ಬರ್ತಿದ್ರಾ?”

ನನಗೆ ತಲೆಗೆ ಮೊಟಕಿದಂತಾಯಿತು.

ಈಗಿನ ಮಕ್ಕಳಿಗೆ ಲೆಡ್ಜರ್ ಗೊತ್ತಿರಲಿಕ್ಕಿಲ್ಲ. ತಾತಂದಿರನ್ನು ಕೇಳಿ. ಕಂಪ್ಯೂಟರ್ ಬರುವ ಮೊದಲು ಪ್ರತಿ ಖಾತೆಗೂ ದಪ್ಪ ಪುಸ್ತಕದಲ್ಲಿ ಒಂದು ಹಾಳೆ ಇರುತ್ತಿತ್ತು. ಇಂದು ಯಾರೋ 200 ರೂಪಾಯಿ ಕಟ್ಟಿದರೆ ಹಿಂದಿನ ಹತ್ತು ವರ್ಷದ ವಹಿವಾಟನ್ನು ಮತ್ತೆ ಕೂಡುತ್ತಿರಲಿಲ್ಲ. ಮೇಲಿನ ಸಾಲಿನ ಬಾಕಿಯನ್ನು ನಂಬಿ, ಅದಕ್ಕೆ 200 ಸೇರಿಸಿ, ಕೆಳಗಿನ ಸಾಲು ಬರೆಯುವುದು. ಹಾಳೆ ಮುಗಿದರೆ ಆ ಬಾಕಿಯನ್ನು ಹೊಸ ಹಾಳೆಯ ತಲೆಗೆ ‘ಬ್ರಾಟ್ ಫಾರ್ವರ್ಡ್’ ಎಂದು ಒಯ್ಯುವುದು. ಮೂವತ್ತೈದು ವರ್ಷ ಇದನ್ನೇ ಮಾಡಿದವನು ಪಾರ್ಕಿನ ಮುಂದೆ ಎಲ್ಲ ಮರೆತಿದ್ದೆ!

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಮೊದಲು ಒಂದೇ ಸಾಲು. ಒಂಬತ್ತು ಮನೆ ಬರೆಯಿರಿ. ಮೂರನೆಯ ಮತ್ತು ಎಂಟನೆಯ ಮನೆಯಲ್ಲಿ ಬೆಂಚು, ಅಲ್ಲಿ 0. ಉಳಿದ ಕಡೆ ಸದ್ಯಕ್ಕೆ 99 ಎಂದಿಟ್ಟುಕೊಳ್ಳಿ. ‘ಇನ್ನೂ ಗೊತ್ತಿಲ್ಲ, ತುಂಬಾ ದೂರ’ ಎಂದು ಅದರ ಅರ್ಥ.

ಎಡದಿಂದ ಬಲಕ್ಕೆ ಹೊರಡಿ. ಪ್ರತಿ ಮನೆಯಲ್ಲೂ ಎಡಗಡೆಯ ನೆರೆಮನೆಯನ್ನು ಕೇಳಿ: ‘ನಿನ್ನ ಸಂಖ್ಯೆ ಎಷ್ಟು?’ ಅದಕ್ಕೆ 1 ಕೂಡಿಸಿ. ಬಂದದ್ದು ನಿಮ್ಮಲ್ಲಿರುವುದಕ್ಕಿಂತ ಚಿಕ್ಕದಾದರೆ ಬದಲಾಯಿಸಿ, ಇಲ್ಲದಿದ್ದರೆ ಬಿಡಿ. ಕೊನೆ ಮುಟ್ಟಿದಾಗ ಹೀಗಿರುತ್ತದೆ:

99, 99, 0, 1, 2, 3, 4, 0, 1

ಎಡಗಡೆಯ ಬೆಂಚುಗಳ ಸುದ್ದಿ ಎಲ್ಲರಿಗೂ ಮುಟ್ಟಿತು. ಬಲಗಡೆಯದು ಮುಟ್ಟಿಲ್ಲ. ಈಗ ಬಲದಿಂದ ಎಡಕ್ಕೆ ಬನ್ನಿ, ಬಲಗಡೆಯ ನೆರೆಮನೆಯನ್ನು ಕೇಳುತ್ತ:

2, 1, 0, 1, 2, 2, 1, 0, 1

ಮುಗಿಯಿತು. ಯಾವ ಮನೆಯಿಂದ ಬೇಕಾದರೂ ಎಣಿಸಿ ನೋಡಿ, ಸರಿಯಿರುತ್ತದೆ. ಯಾರೂ ದೂರದ ಬೆಂಚಿನವರೆಗೆ ಅಳೆಯಲು ಹೋಗಲೇ ಇಲ್ಲ. ನೆರೆಮನೆಯವರ ಮಾತನ್ನು ನಂಬಿದರು, ಅಷ್ಟೆ.

ಇಡೀ ಹಾಳೆಗೂ ಇದೇ ಉಪಾಯ. ಮೊದಲ ಸುತ್ತಿನಲ್ಲಿ ಮೇಲಿನ ಎಡ ಮೂಲೆಯಿಂದ, ನಾವು ಓದುವ ಹಾಗೆ, ಸಾಲುಸಾಲಾಗಿ ಹೋಗುವುದು. ಪ್ರತಿ ಮನೆಯೂ ಮೇಲಿನ ಮತ್ತು ಎಡಗಡೆಯ ಮನೆಗಳನ್ನು ಕೇಳಬೇಕು. ಎರಡನೆಯ ಸುತ್ತಿನಲ್ಲಿ ಕೆಳಗಿನ ಬಲ ಮೂಲೆಯಿಂದ ಹಿಂದಕ್ಕೆ. ಆಗ ಕೆಳಗಿನ ಮತ್ತು ಬಲಗಡೆಯ ಮನೆಗಳನ್ನು ಕೇಳಬೇಕು. ಎರಡೇ ಸುತ್ತು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿದ್ದ ಅಜ್ರಿಯೆಲ್ ರೋಸೆನ್‌ಫೆಲ್ಡ್ ಮತ್ತು ಜಾನ್ ಫಾಲ್ಟ್ಸ್ ಎಂಬವರು ಇದನ್ನು 1966ರಲ್ಲಿ ಪ್ರಕಟಿಸಿದರು. ಆಗ ಕಂಪ್ಯೂಟರಿನಲ್ಲಿ ಚಿತ್ರ ಇಡುವುದೇ ದುಬಾರಿ ಸಾಹಸ.

ಲೆಕ್ಕದವನಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಪಾರ್ಕಿನಲ್ಲಿ ಇದರಿಂದ ಮಹಾ ಉಳಿತಾಯವೇನೂ ಆಗಲಿಲ್ಲ. ಎರಡು ಸುತ್ತಿನಲ್ಲಿ ಪ್ರತಿ ಮನೆಯೂ ನಾಲ್ಕು ಸಲ ಕೇಳುತ್ತದೆ, 384 ಮನೆಗೆ 1,536. ನನ್ನ ದಾರಿಯಲ್ಲಿ 1,920. ಆದರೆ ಬೆಂಚು ಐದಲ್ಲ, ಐವತ್ತು ಇದ್ದಿದ್ದರೆ? ನನ್ನ ದಾರಿಯಲ್ಲಿ 19,200 ಆಗುತ್ತಿತ್ತು. ಎರಡು ಸುತ್ತಿನ ದಾರಿಯಲ್ಲಿ ಆಗಲೂ 1,536! ಬೆಂಚು ಎಷ್ಟಿದ್ದರೂ ಕೆಲಸ ಅಷ್ಟೇ. ಕಂಪ್ಯೂಟರಿನ ಚಿತ್ರವೂ ಹೀಗೇ ಚಿಕ್ಕಚಿಕ್ಕ ಮನೆಗಳ ಹಾಳೆ. ಆ ಮನೆಗೆ ಪಿಕ್ಸೆಲ್ ಎನ್ನುತ್ತಾರೆ. ಉದ್ದ ಸಾವಿರ, ಅಗಲ ಸಾವಿರ ಇದ್ದರೆ ಹತ್ತು ಲಕ್ಷ ಪಿಕ್ಸೆಲ್. ಪ್ರತಿಯೊಂದೂ ಉಳಿದ ಎಲ್ಲವನ್ನೂ ನೋಡಿಬರುತ್ತದೆಂದರೆ ಒಂದು ಲಕ್ಷ ಕೋಟಿ ಸಲ ನೋಡಬೇಕು. ಎರಡು ಸುತ್ತಿನಲ್ಲಾದರೆ 40 ಲಕ್ಷ. ಯಾವ ಮ್ಯಾನೇಜರಿಗೆ ಬೇಕಾದರೂ ಈ ಲೆಕ್ಕ ತೋರಿಸಬಹುದು.

ಪೆನ್ನಿನ ಕಥೆ ಇಲ್ಲಿ ಬರುತ್ತದೆ. ಏಳನೇ ಸಾಲಿನಲ್ಲಿ 6 ಬರೆಯಬೇಕಾದ ಕಡೆ ನಾನು 3 ಬರೆದೆ. ಆ ಮೂರನ್ನು ನಂಬಿ ಪಕ್ಕದ ಮನೆ 4, ಅದರ ಪಕ್ಕ 5. ಕೆಳಗಿನ ಸಾಲುಗಳಿಗೂ ಹರಡಿತು. ಪುಟ್ಟಿ ಕಂಡುಹಿಡಿಯುವಷ್ಟರಲ್ಲಿ ಮೂಲೆಯೆಲ್ಲ ಕೆಟ್ಟಿತ್ತು. ಹೊಸ ಹಾಳೆ ತೆಗೆದುಕೊಳ್ಳಬೇಕಾಯಿತು. ಒಂದು ವಿಚಿತ್ರ ಗಮನಿಸಿ. 6ರ ಬದಲು 9 ಬರೆದಿದ್ದರೆ ಬೇರೆ ನೆರೆಮನೆಯಿಂದ ಬಂದ ಚಿಕ್ಕ ಸಂಖ್ಯೆ ಎಷ್ಟೋ ಸಲ ಅದನ್ನು ತಿದ್ದಿಬಿಡುತ್ತದೆ. ಕಡಿಮೆ ಬರೆದ ತಪ್ಪು ಮಾತ್ರ ತಾನಾಗಿ ಸರಿಹೋಗುವುದಿಲ್ಲ, ಸುತ್ತಲಿನವರನ್ನೂ ಕೆಡಿಸುತ್ತದೆ. ‘ಹತ್ತಿರ ಇದೆ’ ಎಂಬ ಸುಳ್ಳನ್ನು ಎಲ್ಲರೂ ಬೇಗ ನಂಬುತ್ತಾರೆ.

ಕೊನೆಗೆ ನಕ್ಷೆ ಮುಗಿಯಿತು. ಅತಿ ದೊಡ್ಡ ಸಂಖ್ಯೆ 11. ಎಂದರೆ 44 ಹೆಜ್ಜೆ. ಐವತ್ತಕ್ಕಿಂತ ಕಡಿಮೆ! ನಾನು ಅಡುಗೆಮನೆಗೆ ಹೋಗಿ ಘೋಷಣೆ ಮಾಡಿದೆ: “ನೋಡೇ, ಪಾರ್ಕಿನಲ್ಲಿ ಎಲ್ಲಿ ನಿಂತರೂ 44 ಹೆಜ್ಜೆಯೊಳಗೆ ಬೆಂಚು ಸಿಗುತ್ತೆ. ಲೆಕ್ಕ ಹಾಕಿದ್ದೀವಿ. ಇನ್ನು ಹೆದರಿಕೆ ಬೇಡ.”

ಅವಳು ಕೈ ಒರೆಸಿಕೊಂಡು ಬಂದು ನಕ್ಷೆ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಒಂದು ಜಾಗದ ಮೇಲೆ ಬೆರಳಿಟ್ಟಳು. ಮಕ್ಕಳ ಆಟದ ಜಾಗದ ಹಿಂದಿನ ಓಣಿ. ಅಲ್ಲಿ ನಾವು 5 ಎಂದು ಬರೆದಿದ್ದೆವು.

“ರೀ, ಇಲ್ಲಿಂದ ಐದೇ ಮನೆ ಅಂತ ಬರೆದಿದ್ದೀರ. ಬೆಂಚಿರೋದು ಕಬ್ಬಿಣದ ಗ್ರಿಲ್ಲಿನ ಆ ಕಡೆ. ಗೇಟಿರೋದು ಇನ್ನೊಂದು ಬದಿ. ನಾನೇನು ಗ್ರಿಲ್ ಹಾರಲಾ?”

ನಾವಿಬ್ಬರೂ ಬಾಯಿ ಮುಚ್ಚಿದೆವು. ಅವಳೇ ಮುಂದುವರಿಸಿದಳು. ಏಪ್ರಿಲ್‌ನಲ್ಲಿ ಒಂದು ಸಂಜೆ ನಾನು ಮುಂದೆ ಮುಂದೆ ಹೋಗಿಬಿಟ್ಟಿದ್ದೆನಂತೆ. ಅವಳಿಗೆ ಅದೇ ಓಣಿಯಲ್ಲಿ ಮಂಡಿ ಹಿಡಿದುಕೊಂಡಿತು. ಬೆಂಚು ಕಣ್ಣೆದುರಿಗೇ ಕಾಣುತ್ತಿದೆ, ಮುಟ್ಟುವ ಹಾಗಿಲ್ಲ. ಗ್ರಿಲ್ ಹಿಡಿದುಕೊಂಡು ಕಾಲು ಗಂಟೆ ನಿಂತಿದ್ದಳಂತೆ. ಒಳಗೆ ಆಡುತ್ತಿದ್ದ ಮಕ್ಕಳು ‘ಅಜ್ಜಿ ಯಾಕೆ ಅಳ್ತಿದಾರೆ’ ಎಂದು ಕೇಳಿದರಂತೆ. ಆ ಮೇಲೆ ಅವಳು ಪಾರ್ಕಿಗೆ ಬಂದಿಲ್ಲ. ನನಗೆ ಹೇಳಲೂ ಇಲ್ಲ. ನಾನು ಕೇಳಲೂ ಇಲ್ಲ. ಹಪ್ಪಳ, ಸೀರಿಯಲ್ ಎಂಬುದನ್ನು ನಂಬಿಕೊಂಡಿದ್ದೆ.

ಆ ರಾತ್ರಿ ನಾನೂ ಪುಟ್ಟಿಯೂ ಮೂರನೆಯ ಹಾಳೆ ತೆಗೆದೆವು.

ಗ್ರಿಲ್ಲನ್ನು ಕೆಂಪು ಗೆರೆಯಾಗಿ ಬರೆದೆವು, ಗೇಟಿನ ಕಡೆ ಜಾಗ ಬಿಟ್ಟು. ಹೀಗೆ ಅಡ್ಡಿಗಳಿದ್ದಾಗ ಎರಡು ಸುತ್ತಿನ ಉಪಾಯ ಸಾಲುವುದಿಲ್ಲ. ದಾರಿ ಒಮ್ಮೆ ಬಲಕ್ಕೆ, ಒಮ್ಮೆ ಮೇಲಕ್ಕೆ, ಮತ್ತೆ ಎಡಕ್ಕೆ, ಕೆಳಕ್ಕೆ ಎಂದು ಸುತ್ತಿಕೊಳ್ಳುತ್ತದೆ. ಎರಡು ಸಲ ಗುಡಿಸಿದರೆ ಸುದ್ದಿ ಎಲ್ಲ ಮೂಲೆಗೂ ಮುಟ್ಟದು. ಸಂಖ್ಯೆ ಬದಲಾಗುವುದು ನಿಲ್ಲುವವರೆಗೆ ಗುಡಿಸುತ್ತಲೇ ಇರಬೇಕು. ಅದಕ್ಕಿಂತ ಒಳ್ಳೆಯ ಉಪಾಯ ನೀರಿನದು. ಐದು ಬೆಂಚಿನಿಂದಲೂ ಒಟ್ಟಿಗೆ ನೀರು ಹೊರಟಿತು ಎಂದುಕೊಳ್ಳಿ. ಮೊದಲು ಎಲ್ಲ ಬೆಂಚುಗಳ ಪಕ್ಕದ ಮನೆಗಳಿಗೆ 1. ಆಮೇಲೆ ಎಲ್ಲ ಒಂದುಗಳ ಪಕ್ಕದ ಖಾಲಿ ಮನೆಗಳಿಗೆ 2. ಆಮೇಲೆ 3. ಕೆಂಪು ಗೆರೆ ದಾಟುವಂತಿಲ್ಲ, ಒಮ್ಮೆ ಬರೆದ ಮನೆಯನ್ನು ಮುಟ್ಟುವಂತಿಲ್ಲ. ಪ್ರತಿ ಮನೆಗೂ ಒಂದೇ ಸಲ ಸಂಖ್ಯೆ ಬೀಳುತ್ತದೆ.

ನೀರು ಗ್ರಿಲ್ ಸುತ್ತಿ ಆ ಓಣಿಯ ನಡುವಿಗೆ ಬರುವ ಹೊತ್ತಿಗೆ ಸಂಖ್ಯೆ 17 ಆಗಿತ್ತು. 68 ಹೆಜ್ಜೆ. 12ಕ್ಕಿಂತ ಹೆಚ್ಚು ಬಂದ ಮನೆಗಳಿಗೆಲ್ಲ ಪುಟ್ಟಿ ಬಣ್ಣ ಹಚ್ಚಿದಳು. 31 ಮನೆ, ಎಲ್ಲವೂ ಒಂದೇ ಕಡೆ, ಅಜ್ಜಿ ಬೆರಳಿಟ್ಟ ಜಾಗದ ಸುತ್ತ.

ಕಥೆ ಮುಗಿಸುವ ಮೊದಲು, ಈ ನಕ್ಷೆ ಬೇರೆಲ್ಲಿ ಕೆಲಸಕ್ಕೆ ಬರುತ್ತದೆಂದು ಹೇಳಿಬಿಡುತ್ತೇನೆ. ಮೈಕ್ರೋಸ್ಕೋಪಿನ ಚಿತ್ರದಲ್ಲಿ ಎರಡು ರಕ್ತಕಣ ಅಂಟಿಕೊಂಡು ಒಂದೇ ಮಚ್ಚೆಯಂತೆ ಕಾಣುತ್ತವೆ ಎನ್ನಿ. ಮಚ್ಚೆಯೊಳಗಿನ ಪ್ರತಿ ಪಿಕ್ಸೆಲ್ ಅಂಚಿನಿಂದ ಎಷ್ಟು ದೂರ ಎಂದು ಬರೆದರೆ ಎರಡು ಕಡೆ ಸಂಖ್ಯೆ ಗುಡ್ಡದಂತೆ ಏರುತ್ತದೆ. ಎರಡು ಗುಡ್ಡ, ಎರಡು ಕಣ! ಮೂಳೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಸ್ಕ್ಯಾನಿನಲ್ಲಿ ಅಳೆಯುವುದೂ ಹೀಗೇ. ರೋಬೋಟ್ ಗೋಡೆಗೆ ಡಿಕ್ಕಿ ಹೊಡೆಯದೆ ದೊಡ್ಡ ಸಂಖ್ಯೆಗಳ ಹಾದಿ ಹಿಡಿದು ನಡೆಯುತ್ತದೆ. ಪರದೆಯ ಮೇಲಿನ ಅಕ್ಷರಗಳಿಗೂ ಇದು ಬರುತ್ತದೆ. ನಮ್ಮ ‘ಠ’ ಅಕ್ಷರವನ್ನೇ ತೆಗೆದುಕೊಳ್ಳಿ. ಪ್ರತಿ ಪಿಕ್ಸೆಲ್ ಅದರ ಅಂಚಿನಿಂದ ಎಷ್ಟು ಒಳಗೆ ಅಥವಾ ಎಷ್ಟು ಹೊರಗೆ ಎಂದು ಬರೆದಿಟ್ಟುಕೊಂಡರೆ, ಅಕ್ಷರವನ್ನು ಹಿಗ್ಗಿಸಿದಾಗಲೂ ಅಂಚು ಮಸುಕಾಗುವುದಿಲ್ಲ. ವಾಲ್ವ್ ಎಂಬ ವಿಡಿಯೋ ಗೇಮ್ ಕಂಪನಿಯ ಕ್ರಿಸ್ ಗ್ರೀನ್ ಎಂಬವರು 2007ರಲ್ಲಿ ವಿವರಿಸಿದ ಉಪಾಯ ಇದು.

ಜಾಣ ಮಕ್ಕಳು ಆಗಲೇ ಒಂದು ತಪ್ಪು ಹಿಡಿದಿರಬೇಕು. ‘ತಾತ, ನೀವು ಅಡ್ಡ ಮತ್ತು ಉದ್ದ ಮಾತ್ರ ನಡೆದಿರಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಹೋದರೆ ದೂರ ಕಡಿಮೆಯಲ್ಲವೇ?’ ಸರಿ. ಮೂರು ಮನೆ ಬಲಕ್ಕೆ, ಮೂರು ಮನೆ ಮೇಲಕ್ಕೆ ಬೆಂಚಿದ್ದರೆ ನಮ್ಮ ಲೆಕ್ಕ 6 ಎನ್ನುತ್ತದೆ. ಹಗ್ಗ ಹಿಡಿದು ಅಳೆದರೆ 4.24. ಸ್ವೀಡನ್ನಿನ ಗುನಿಲ್ಲಾ ಬೋರ್ಗೆಫೋರ್ಸ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಇದಕ್ಕೊಂದು ಚೆಂದದ ಹೊಂದಾಣಿಕೆ ಕೊಟ್ಟರು. ನೇರ ಹೆಜ್ಜೆಗೆ 1ರ ಬದಲು 3 ಕೂಡಿಸಿ, ಓರೆ ಹೆಜ್ಜೆಗೆ 4 ಕೂಡಿಸಿ, ಕೊನೆಗೆ 3ರಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ ಮೂರು ಓರೆ ಹೆಜ್ಜೆ, 12, ಮೂರರಿಂದ ಭಾಗಿಸಿದರೆ 4. ದಶಾಂಶದ ಗೊಡವೆಯಿಲ್ಲದೆ ಎಷ್ಟು ಹತ್ತಿರ ಬಂತು ನೋಡಿ.

ಕರಾರುವಾಕ್ಕಾಗಿಯೇ ಬೇಕೆಂದರೆ ಶಾಲೆಯ ಪೈಥಾಗೊರಸ್ ಪ್ರಮೇಯ ಇದೆ. ಮೊದಲು ಪ್ರತಿ ಕಂಬಸಾಲಿನಲ್ಲಿ ಮೇಲೆ-ಕೆಳಗೆ ಮಾತ್ರ ನೋಡಿ ಬೆಂಚಿನ ದೂರ ಬರೆಯಿರಿ, ಅದರ ವರ್ಗ ಮಾಡಿ. ಆಮೇಲೆ ಪ್ರತಿ ಅಡ್ಡಸಾಲಿನಲ್ಲಿ, ಎಷ್ಟು ಮನೆ ಪಕ್ಕಕ್ಕೆ ಹೋದಿರೋ ಅದರ ವರ್ಗವನ್ನು ಅದಕ್ಕೆ ಕೂಡಿಸಿ, ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿ. ಆ ಚಿಕ್ಕದನ್ನು ಹುಡುಕುವುದರಲ್ಲೂ ಸಮಯ ಉಳಿಸಬಹುದು. ಪೆಡ್ರೊ ಫೆಲ್ಜೆನ್ಸ್‌ವಾಲ್ಬ್ ಮತ್ತು ಡೇನಿಯಲ್ ಹಟ್ಟನ್‌ಲಾಕರ್ 2012ರಲ್ಲಿ ಪ್ರಕಟಿಸಿದ ದಾರಿಯಲ್ಲಿ, ಸಾಲಿನ ಪ್ರತಿ ಮನೆಯ ಮೇಲೂ ಬಟ್ಟಲಿನಂಥ ಒಂದು ಬಾಗಿದ ಗೆರೆಯನ್ನು ಕಲ್ಪಿಸಿಕೊಳ್ಳುತ್ತಾರೆ. ಕೆಳಗಿನಿಂದ ನೋಡಿದಾಗ ಕಾಣುವ ಬಟ್ಟಲುಗಳು ಮಾತ್ರ ಲೆಕ್ಕಕ್ಕೆ. ಮರೆಯಾದ ಬಟ್ಟಲನ್ನು ಒಮ್ಮೆ ತೆಗೆದುಹಾಕಿದರೆ ಮತ್ತೆ ನೋಡಬೇಕಾಗಿಲ್ಲ. ಆದ್ದರಿಂದ ಚಿತ್ರ ಎರಡರಷ್ಟಾದರೆ ಕೆಲಸವೂ ಎರಡರಷ್ಟೇ, ನಾಲ್ಕರಷ್ಟಲ್ಲ.

ಈಗ ಪಾರ್ಕಿಗೆ ವಾಪಸು ಬರೋಣ.

ನಕ್ಷೆ ಹಿಡಿದುಕೊಂಡು ಬಡಾವಣೆಯ ಸಂಘದವರ ಬಳಿ ಹೋದೆವು. ಮಾತಾಡಿದ್ದು ಪುಟ್ಟಿಯೇ. ಹೊಸ ಬೆಂಚಿಗೆ ಈ ವರ್ಷ ಹಣವಿಲ್ಲ ಎಂದರು. ಅಲ್ಲೇ ಕುಳಿತಿದ್ದ ಎದುರು ಬೀದಿಯ ಯಜಮಾನರೊಬ್ಬರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ನಮ್ಮ ಹಳೇ ಮನೆ ಕೆಡವಿದಾಗ ಉಳಿದ ಚಪ್ಪಡಿ ಕಲ್ಲು ಹಿತ್ತಲಲ್ಲಿ ಬಿದ್ದಿದೆ. ಎರಡು ಗುಂಡು ಕಲ್ಲಿನ ಮೇಲೆ ಇಟ್ಟರೆ ಆಯ್ತಲ್ಲ?” ಎಂದರು. ಹಿಂದೆ ತಲೆಹೊರೆ ಹೊತ್ತವರಿಗಾಗಿ ದಾರಿಬದಿಯಲ್ಲಿ ಕಲ್ಲು ನಿಲ್ಲಿಸುತ್ತಿದ್ದುದನ್ನು ನನ್ನ ವಯಸ್ಸಿನವರು ನೋಡಿರುತ್ತೀರಿ. ಅವರೂ ಗ್ರಾಫ್ ಹಾಳೆಯಿಲ್ಲದೆ ಇದೇ ಲೆಕ್ಕ ಹಾಕಿರಬೇಕು.

ಆ ಭಾನುವಾರ ನಾಲ್ಕು ಹುಡುಗರು ಸೇರಿ ಚಪ್ಪಡಿಯನ್ನು 17 ಎಂದು ಬರೆದಿದ್ದ ಮನೆಯಲ್ಲೇ ಇಟ್ಟರು. ಪುಟ್ಟಿ ಮತ್ತೆ ನೀರು ಹರಿಸಿ ನಕ್ಷೆ ಬರೆದಳು. ಅತಿ ದೊಡ್ಡ ಸಂಖ್ಯೆ ಈಗ ನಿಜವಾಗಿಯೂ 11. ಈ ಸಲ ಅಜ್ಜಿಯ ಮುಂದೆ ಇಟ್ಟು, “ತಪ್ಪಿದ್ದರೆ ಹೇಳು” ಎಂದೆ. ಅವಳು ಪ್ರತಿ ಮೂಲೆಯನ್ನೂ ನೋಡಿ, “ಸರಿಯಾಗಿದೆ” ಎಂದಳು. ಆಡಿಟರ್ ಸಹಿ ಬಿದ್ದಷ್ಟು ಸಮಾಧಾನವಾಯಿತು.

ಮೊದಲ ದಿನ ಆ ಕಲ್ಲಿನ ಮೇಲೆ ಹತ್ತು ನಿಮಿಷ ಕುಳಿತಳು. ಈಗೀಗ ಎಷ್ಟೋ ದಿನ ಅಲ್ಲಿ ಕೂರುವುದೇ ಇಲ್ಲ. ಕೈಯಿಂದ ಒಮ್ಮೆ ಮುಟ್ಟಿ ಮುಂದೆ ಹೋಗುತ್ತಾಳೆ. ಅದು ಅಲ್ಲಿದೆ ಎಂದು ಗೊತ್ತಿದ್ದರೆ ಸಾಕಂತೆ. ನಾನು ಮುಂದೆ ಮುಂದೆ ಹೋಗುವುದನ್ನು ಬಿಟ್ಟಿದ್ದೇನೆ.

ಮಕ್ಕಳೇ, ಈ ವಾರದ ಲೆಕ್ಕ. ಆರು ಸಾಲು, ಆರು ಕಂಬಸಾಲಿನ ಒಂದು ಚೌಕ ಬರೆಯಿರಿ. ಎರಡನೆಯ ಸಾಲಿನ ಎರಡನೆಯ ಮನೆಯಲ್ಲಿ ಒಂದು ನಾಣ್ಯ, ಐದನೆಯ ಸಾಲಿನ ಐದನೆಯ ಮನೆಯಲ್ಲಿ ಒಂದು ನಾಣ್ಯ ಇಡಿ. ಬೇಲಿ ಯಾವುದೂ ಇಲ್ಲ. ಎರಡು ಸುತ್ತಿನಲ್ಲಿ ನಕ್ಷೆ ತುಂಬಿಸಿ. ಅತಿ ದೊಡ್ಡ ಸಂಖ್ಯೆ ಎಷ್ಟು? ಎಲ್ಲೆಲ್ಲಿ ಬಂತು? ಮೂರನೆಯ ನಾಣ್ಯ ಒಂದನ್ನೇ ಇಟ್ಟು ಆ ದೊಡ್ಡ ಸಂಖ್ಯೆಯನ್ನು ಇಳಿಸಬಹುದೇ?

ಆಮೇಲೆ ನಿಮ್ಮ ಬೀದಿಯ, ಶಾಲೆಯ ಅಥವಾ ಪಾರ್ಕಿನ ನಕ್ಷೆಯನ್ನೂ ಬರೆಯಿರಿ. ಕುಡಿಯುವ ನೀರಿನ ನಲ್ಲಿ, ಬೆಂಚು, ದೀಪದ ಕಂಬ, ಯಾವುದಾದರೂ ಸರಿ. ಬರೆದ ಮೇಲೆ ಅಲ್ಲಿ ದಿನಾ ನಡೆಯುವ ಹಿರಿಯರೊಬ್ಬರಿಗೆ ತೋರಿಸಿ, ಅವರು ಎಲ್ಲಿ ಬೆರಳಿಡುತ್ತಾರೆ ನೋಡಿ.

ಉತ್ತರ: ಅತಿ ದೊಡ್ಡ ಸಂಖ್ಯೆ 5. ಮೇಲಿನ ಬಲ ಮೂಲೆ ಮತ್ತು ಕೆಳಗಿನ ಎಡ ಮೂಲೆಯಲ್ಲಿ ಬರುತ್ತದೆ. ಆ ಎರಡು ಮೂಲೆಗಳ ನಡುವಿನ ದೂರ 10 ಮನೆ. ಆದ್ದರಿಂದ ಒಂದೇ ನಾಣ್ಯವು ಎರಡಕ್ಕೂ 4 ಮನೆಯೊಳಗೆ ಇರಲಾರದು. ಎರಡು ನಾಣ್ಯ ಬೇಕೇ ಬೇಕು.